ಐದು ಪಂದ್ಯ ಒಂದೂ ಟಚ್‌ಡೌನ್ ಇಲ್ಲ, ಆದ್ರೂ ಸೂಪರ್ ಬೌಲ್ ಗೆದ್ದದ್ದು ಹೆಂಗ್ರೀ?

ಧಾರವಾಡ ಪೇಡೆ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರೀ. ನಾ ಮೇರಿಲ್ಯಾಂಡಿಗೆ ಬಂದು ಎಂಟು ತಿಂಗಳಾತು. ಆಫೀಸಿನ್ಯಾಗ ನನ್ನ ಬಾಜೂಕ ಕೂಡೋ ಮನಷ್ಯಾ ಬಾಲ್ಟಿಮೋರ್ ರೇವನ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮು ಅಂದ್ರ ಪ್ರಾಣ ಬಿಡ್ತಾನ. ಈ ಸಲದ ಟೀಮಿನ ಬಗ್ಗೆ ಮಾತು ಚಾಲೂ ಮಾಡಿದ್ರೂ ಐದು ನಿಮಿಷಕ್ಕ 2000ನೇ ಇಸವಿಗೆ ಹೋಗಿ ನಿಲ್ತಾನ. "ಆ ವರ್ಷ ಅಕ್ಟೋಬರ್ ಪೂರ್ತಿ ನಮ್ಮವರು ಒಂದೂ ಟಚ್‌ಡೌನ್ ಹೊಡೀಲಿಲ್ಲ, ಆದ್ರ ಕಪ್ ನಮ್ಮದs" ಅಂತಾನ. (ಟಚ್‌ಡೌನ್ ಅಂದ್ರ ಚೆಂಡು ಹಿಡ್ಕೊಂಡು ಎದುರಿನವರ ಕಡೀ ಗೆರಿ ದಾಟೂದು, ಆರು ಪಾಯಿಂಟ್, ಮ್ಯಾಲ ಒದ್ದು ಹಾಕಿದ್ರ ಇನ್ನೊಂದು. ಕಪ್ ಅಂದ್ರ ಸೂಪರ್ ಬೌಲ್, ಲೀಗಿನ ಫೈನಲ್.) ಚಾಷ್ಟಿ ಮಾಡಾಕತ್ತಾನ ಅಂದ್ಕೊಂಡಿದ್ದೆ. ಹುಡುಕಿ ನೋಡಿದ್ರ ಖರೇನ ಐತಿ.

ಡಿಫೆನ್ಸಿನಿಂದನ ಗೆದ್ರು ಅಂತಾರ. ಡಿಫೆನ್ಸ್ ಅಂದ್ರ ತಡಿಯೂದು. ತಡದ್ರ ಸೋಲೂದಿಲ್ಲ, ಒಪ್ಪಿದೆ. ಆದ್ರ ಗೆಲ್ಲಾಕ ಪಾಯಿಂಟ್ ಎಲ್ಲಿಂದ ಬರ್ತಾವ್ರೀ? ಆ ಕಾಲಕ್ಕ ಇಲ್ಲೇ ಇದ್ದವರು ಯಾರರ ಇದ್ರ ಬಿಡಿಸಿ ಹೇಳ್ರಿ. ಆಟ ನನಗ ಅರ್ಧಾಮರ್ಧ ಗೊತ್ತು: ನಾಕು ಛಾನ್ಸು, ಹತ್ತು ಗಜ ದಾಟಬೇಕು, ಅಷ್ಟ.

---

ಸಾಗರದವ:

ಪೇಡೆಯವರೇ, ನಾನಿದ್ದೆ. ಸ್ವಲ್ಪ ಉದ್ದ ಆಗತ್ತೆ, ಚಹಾ ಇಟ್ಟುಕೊಂಡು ಓದಿ.

ನನ್ನನ್ನು ಇಲ್ಲಿಗೆ ಕರೆಸಿಕೊಂಡಿದ್ದು 1999ರಲ್ಲಿ, ವೈಟೂಕೆ ಕೆಲಸಕ್ಕೆ. ಇಸವಿ ಬದಲಾಯ್ತು, ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ, ನಾನು ಇಲ್ಲೇ ಉಳಿದೆ. ಮನೆ ಇದ್ದದ್ದು ಓವಿಂಗ್ಸ್ ಮಿಲ್ಸ್‌ನಲ್ಲಿ. ರೇವನ್ಸ್ ತಂಡ ಆಗ ಅಭ್ಯಾಸ ಮಾಡುತ್ತಿದ್ದದ್ದೂ ಅದೇ ಊರಲ್ಲಿ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ, ಸ್ಪ್ಯಾರೋಸ್ ಪಾಯಿಂಟಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಭಾನುವಾರ ಅವರ ಮನೆಗೆ ಚಕ್ಕುಲಿ ಕೊಡಲು ಹೋದವನು ಸಂಜೆ ಐದಕ್ಕೆ ಎದ್ದು ಬಂದೆ. ಅಲ್ಲಿಂದ ಪ್ರತಿ ಭಾನುವಾರ ಅದೇ ಸೋಫಾ, ಮಸಾಲೆ ಉದುರಿಸಿದ ಪಾಪ್‌ಕಾರ್ನ್. ಆ ಮಸಾಲೆ ಇಲ್ಲಿಯವರಿಗೆ ಬಹಳ ಇಷ್ಟ, ನನಗಂತೂ ಉಪ್ಪು ಹೆಚ್ಚಾದ ಸಾರಿನ ಪುಡಿ.

ಆಟದಲ್ಲಿ ಹೊಸಬರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅಜ್ಜ ಮೊದಲ ದಿನವೇ ಅದನ್ನು ಬಿಡಿಸಿದರು. ಚೆಂಡು ಬಿಡು, 98 ಮತ್ತು 95ನೇ ನಂಬರ್ ನೋಡು ಅಂದರು. 98 ಅಂದರೆ ಟೋನಿ ಸಿರಗೂಸಾ, 95 ಸ್ಯಾಮ್ ಆಡಮ್ಸ್. ಒಬ್ಬೊಬ್ಬರೂ ಒಂದೂವರೆ ಕ್ವಿಂಟಲ್ ಆಸುಪಾಸು. ಇಬ್ಬರೂ ಸಾಲಿನ ನಟ್ಟನಡುವೆ ನೆಲಕ್ಕೆ ಕೈಯೂರಿ ಕೂರುತ್ತಿದ್ದರು. ಎದುರಾಳಿಗಳ ಮುಂಚೂಣಿಯಲ್ಲಿ ಇರುವುದೇ ಐದು ಜನ. ಈ ಒಂದೊಂದು ಬಂಡೆಯನ್ನು ಸರಿಸೋಕೆ ಇಬ್ಬಿಬ್ಬರು ಬೇಕು. ನಾಲ್ಕು ಜನ ಅಲ್ಲೇ ಖರ್ಚಾದರು. ಹಿಂದೆ ನಿಂತ 52ನೇ ನಂಬರಿನ ರೇ ಲೂಯಿಸ್ ಮೈ ಮುಟ್ಟುವವರೇ ಇಲ್ಲ. ಚೆಂಡು ಹಿಡಿದವನು ಎಡಕ್ಕೆ ತಿರುಗಿದರೆ ಅಲ್ಲಿ 52, ಬಲಕ್ಕೆ ತಿರುಗಿದರೆ ಅಲ್ಲೂ 52. ಆ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಅಂತ ಪ್ರಶಸ್ತಿ ಬಂದದ್ದು ಲೂಯಿಸ್‌ಗೆ. ಅಜ್ಜ ಮಾತ್ರ ಚಪ್ಪಾಳೆ ತಟ್ಟುತ್ತಿದ್ದದ್ದು ಕೆಳಗೆ ಬಿದ್ದು ಒದ್ದಾಡುತ್ತಿದ್ದ 98ಕ್ಕೆ.

ಇದರ ಫಲ ಏನು ಅಂದರೆ, 16 ಪಂದ್ಯದಲ್ಲಿ ಎದುರಾಳಿಗಳು ಎಲ್ಲಾ ಸೇರಿ ಓಡಿದ್ದು 970 ಗಜ. ಒಂದು ಸಲಕ್ಕೆ ಸರಾಸರಿ 2.7. ನಿಮ್ಮ ನಾಲ್ಕು ಛಾನ್ಸಿನ ಲೆಕ್ಕಕ್ಕೆ ಹಾಕಿ ನೋಡಿ. ಎರಡು ಸಲ ಓಡಿದರೂ ಐದು ಗಜ ಚಿಲ್ಲರೆ. ನಾಲ್ಕನೇದರಲ್ಲಿ ಸಾಮಾನ್ಯವಾಗಿ ಚೆಂಡು ಒದ್ದು ಒಪ್ಪಿಸಿಬಿಡುತ್ತಾರೆ, ಹಾಗಾಗಿ ಇರುವುದು ಮೂರನೇದೊಂದೇ. ಇನ್ನೂ ಐದು ಗಜ ಬಾಕಿ, ಎಸೆಯದೆ ಗತಿಯಿಲ್ಲ. ಅದು ಸ್ಟೇಡಿಯಂನಲ್ಲಿ ಕಡಲೆಬೀಜ ಮಾರುವವನಿಗೂ ಗೊತ್ತು. ಆಗ ಪಕ್ಕಗಳಿಂದ ಪೀಟರ್ ಬೋಲ್‌ವೇರ್, ಮೈಕಲ್ ಮೆಕ್‌ಕ್ರೇರಿ ನುಗ್ಗುತ್ತಿದ್ದರು. ಗಡಿಬಿಡಿಯಲ್ಲಿ ಎಸೆದ ಚೆಂಡಿಗೆ ಹಿಂದೆ ಡುವೇನ್ ಸ್ಟಾರ್ಕ್ಸ್, ಕ್ರಿಸ್ ಮೆಕ್‌ಅಲಿಸ್ಟರ್, 35 ವರ್ಷದ ರಾಡ್ ವುಡ್‌ಸನ್ ಕಾಯುತ್ತಿದ್ದರು.

ಈಗ ನಿಮ್ಮ ಅಸಲು ಪ್ರಶ್ನೆ, ಪಾಯಿಂಟ್ ಎಲ್ಲಿಂದ? ಜಾಗದಿಂದ ಮಾರಾಯ್ರೆ. ಎದುರಾಳಿ ತನ್ನದೇ ಮೂಲೆಯಲ್ಲಿ ಸಿಕ್ಕಿಬಿದ್ದು, ಮೂರು ಸಲ ತಿಣುಕಿ, ಚೆಂಡು ಒದ್ದು ಕೈತೊಳೆದುಕೊಂಡರೆ ನಿಮಗೆ ಸಿಗುವುದು ಮೈದಾನದ ನಡುವೆ. ಅಲ್ಲಿಂದ 20 ಗಜ ಹೋದರೆ ಸಾಕು, ಎರಡು ಕಂಬಗಳ ನಡುವೆ ಚೆಂಡು ಒದ್ದು ಫೀಲ್ಡ್ ಗೋಲ್ ಹೊಡೆಯುವ ಮ್ಯಾಟ್ ಸ್ಟೋವರ್ ಬರುತ್ತಾನೆ, ಮೂರು ಪಾಯಿಂಟ್. ಆ ಸೀಸನ್‌ನಲ್ಲಿ ಅವನು ಒದ್ದು ಹಾಕಿದ್ದು 35.

ನಿಮ್ಮ ಸಹೋದ್ಯೋಗಿ ಹೇಳುವ ಅಕ್ಟೋಬರ್ ನನಗೆ ಬಾಯಿಪಾಠ. ಕ್ಲೀವ್‌ಲ್ಯಾಂಡ್ ಮೇಲೆ 12-0, ಗೆಲುವು. ಜ್ಯಾಕ್ಸನ್‌ವಿಲ್ ಮೇಲೆ 15-10, ಗೆಲುವು. ವಾಷಿಂಗ್ಟನ್ ಎದುರು 3-10, ಟೆನ್ನೆಸ್ಸಿ ಎದುರು 6-14, ಪಿಟ್ಸ್‌ಬರ್ಗ್ ಎದುರು 6-9, ಮೂರೂ ಸೋಲು. ಕೂಡಿ ನೋಡಿ. ನಮ್ಮವರು ಗಳಿಸಿದ್ದು 42, ಅಷ್ಟೂ ಸ್ಟೋವರ್ ಕಾಲಿಂದ. ಬಿಟ್ಟುಕೊಟ್ಟದ್ದು 43. ತಿಂಗಳಿಡೀ ಒಂದು ಟಚ್‌ಡೌನ್ ಇಲ್ಲದೆ, ಒಟ್ಟು ಲೆಕ್ಕದಲ್ಲಿ ಹಿಂದೆ ಬಿದ್ದದ್ದು ಒಂದೇ ಒಂದು ಪಾಯಿಂಟ್. ಅಜ್ಜ ಇದನ್ನು ಕರೆಂಟ್ ಬಿಲ್ಲಿನ ಹಿಂದೆ ಪೆನ್ಸಿಲಲ್ಲಿ ಬರೆದು ನನಗೆ ತೋರಿಸಿದ್ದರು. ಮೂರು ಸೋತರೂ ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ನನಗಿತ್ತು.

ತಮಾಷೆ ಎಂದರೆ ಕೋಚ್ ಬ್ರಯಾನ್ ಬಿಲಿಕ್ ಬಂದದ್ದು ಮಿನ್ನೆಸೋಟದಿಂದ. 1998ರಲ್ಲಿ 556 ಪಾಯಿಂಟ್ ಗಳಿಸಿ ದಾಖಲೆ ಮಾಡಿದ ತಂಡದ ಆಫೆನ್ಸ್, ಅಂದರೆ ಚೆಂಡು ಹಿಡಿದು ಪಾಯಿಂಟ್ ಗಳಿಸುವ ಪಡೆ, ನಡೆಸಿದವನೇ ಆತ. ಅಂಥವನ ಕೈಯಲ್ಲಿ ಟಚ್‌ಡೌನ್ ಬರಗಾಲ! ಹೋಳಿಗೆ ಭಟ್ಟರನ್ನು ಕರೆಸಿ ಗಂಜಿ ಬಡಿಸಿದ ಹಾಗೆ. ಆತ ಟೋನಿ ಬ್ಯಾಂಕ್ಸ್‌ನನ್ನು ಕೂರಿಸಿ ಟ್ರೆಂಟ್ ಡಿಲ್ಫರ್‌ನನ್ನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಮಾಡಿದ. ಡಿಲ್ಫರ್ ಸಾಹಸ ಮಾಡಬೇಕಾಗಿರಲಿಲ್ಲ, ಚೆಂಡು ಕಳೆಯದಿದ್ದರೆ ಆಯ್ತು. ಹೊಸ ಹುಡುಗ ಜಮಾಲ್ ಲೂಯಿಸ್ ಆ ವರ್ಷ 1364 ಗಜ ಓಡಿ ಆಟದ ಹೊತ್ತು ತಿಂದ. ಪಿಟ್ಸ್‌ಬರ್ಗ್ ಸೋಲಿನ ನಂತರ ಈ ತಂಡ ಸೋಲಲೇ ಇಲ್ಲ. ಲೀಗ್‌ನಲ್ಲಿ ಏಳು, ಪ್ಲೇಆಫ್‌ನಲ್ಲಿ (ಸೋತವರು ಮನೆಗೆ ಹೋಗುವ ಕೊನೆಯ ಸುತ್ತುಗಳು) ನಾಲ್ಕು, ಸಾಲಾಗಿ ಹನ್ನೊಂದು. 16 ಪಂದ್ಯಕ್ಕೆ ಬಿಟ್ಟುಕೊಟ್ಟದ್ದು ಒಟ್ಟು 165 ಪಾಯಿಂಟ್. 16 ಪಂದ್ಯದ ಸೀಸನ್ನಿಗೆ ಅದಕ್ಕಿಂತ ಕಡಿಮೆ ಯಾರೂ ಕೊಟ್ಟಿಲ್ಲ. ಈಗ ಸೀಸನ್ 17 ಪಂದ್ಯದ್ದಾಗಿದೆ.

---

ನೇಪರ್‌ವಿಲ್ ಗೌಡ:

ಸಾಗರದಣ್ಣ, ಚೆನ್ನಾಗ್ ಬರ್ದಿದೀರ. ಆದ್ರೆ ಡಿಫೆನ್ಸ್ ಅಂತ ಮಾತು ಎತ್ತಿ 1985ರ ಶಿಕಾಗೊ ಬೇರ್ಸ್ ಹೆಸ್ರೇ ಹೇಳ್ದಲೇ ಹೋದ್ರೆ ಹೆಂಗೆ? ನಮ್ಮೋರು 15 ಗೆದ್ದು ಸೋತಿದ್ದು ಒಂದೇ. ಪ್ಲೇಆಫ್‌ನಾಗೆ ಜಯಂಟ್ಸ್‌ಗೆ ಸೊನ್ನೆ, ರ‍್ಯಾಮ್ಸ್‌ಗೆ ಸೊನ್ನೆ, ಸೂಪರ್ ಬೌಲ್ 46-10. ಮೂರು ಪಂದ್ಯಕ್ಕೆ ಹತ್ತೇ ಪಾಯಿಂಟು. ಬಡ್ಡಿ ರಯನ್ ಕಟ್ಟಿದ ಆ ಡಿಫೆನ್ಸ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಎಂಟ್ ಕಡೆಯಿಂದ ಮುತ್ಗೆ ಹಾಕೋದು.

ಇನ್ನೊಂದು, ಬೇಜಾರ್ ಮಾಡ್ಕಬೇಡಿ. ಆ 165ರಲ್ಲಿ ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್ ಮೇಲೆ ಎರಡೆರಡು ಪಂದ್ಯ ಇದ್ವು. ನಾಲ್ಕೂ ಸೇರಿ ಕೊಟ್ಟಿದ್ದು 14. ಆ ವರ್ಷ ಅವೆರಡು ಟೀಮ್ ಎಷ್ಟು ಬಡಕಲು ಅಂತ ನಿಮ್ಗೂ ಗೊತ್ತು.

---

ಸಾಗರದವ:

ಗೌಡ್ರೇ, ಬಡಕಲು ತಂಡದ ಮಾತು ಒಪ್ಪಿದೆ. ಹಾಗಾದರೆ ಲೀಗ್ ಬದಿಗಿಡಿ, ಪ್ಲೇಆಫ್ ಮಾತ್ರ ನೋಡೋಣ. ಡೆನ್ವರ್, ಓಕ್‌ಲ್ಯಾಂಡ್ ಎರಡೂ ಆ ವರ್ಷ ಪಾಯಿಂಟ್ ಸುರಿಸಿದ ತಂಡಗಳು. ಇಬ್ಬರಿಗೂ ಸಿಕ್ಕಿದ್ದು ಮೂರು ಮೂರು. ಓಕ್‌ಲ್ಯಾಂಡ್ ಅಂತೂ ಓಡುವುದರಲ್ಲಿ ಲೀಗಿಗೇ ಮೊದಲು. ಅವರದೇ ಮೈದಾನದಲ್ಲಿ, ಅವರದೇ ಜನರ ಮುಂದೆ, ಓಡಿದ್ದು ಒಟ್ಟು 24 ಗಜ. ಆ ಪಂದ್ಯದಲ್ಲಿ ಸಿರಗೂಸಾ ಅವರ ಕ್ವಾರ್ಟರ್‌ಬ್ಯಾಕ್ ರಿಚ್ ಗ್ಯಾನನ್ ಮೇಲೆ ಇಡೀ ಮೈಭಾರ ಬಿಟ್ಟು ಬಿದ್ದ, ಗ್ಯಾನನ್‌ನ ಭುಜ ಹೋಯ್ತು. ರೆಫರಿ ತಪ್ಪೆಂದು ಬಾವುಟ ಎಸೆಯಲಿಲ್ಲ, ಆದರೆ ಲೀಗ್ ಆಮೇಲೆ 10,000 ಡಾಲರ್ ದಂಡ ಹಾಕಿತು. ಅದು ನನಗೆ ಈಗಲೂ ಸರಿಕಂಡಿಲ್ಲ. ಅಜ್ಜನಿಗೆ ಹಾಗೆಂದಾಗ ಪಾಪ್‌ಕಾರ್ನ್ ಬಟ್ಟಲು ತಮ್ಮ ಕಡೆಗೆ ಎಳೆದುಕೊಂಡರು, ಅಷ್ಟೇ.

ಪ್ಲೇಆಫ್‌ನ ಟೆನ್ನೆಸ್ಸಿ ಪಂದ್ಯ ನೋಡಿದ್ದರೆ ಪೇಡೆಯವರ ಪ್ರಶ್ನೆಗೆ ನಾನು ಇಷ್ಟೆಲ್ಲಾ ಬರೆಯಬೇಕಿರಲಿಲ್ಲ. ಗಜದ ಲೆಕ್ಕದಲ್ಲಿ ಟೆನ್ನೆಸ್ಸಿ ನಮ್ಮ ಎರಡು ಪಟ್ಟಿಗೂ ಹೆಚ್ಚು ಮುಂದೆ. ನಾಲ್ಕನೇ ಕ್ವಾರ್ಟರ್, 10-10. ಅವರು ಫೀಲ್ಡ್ ಗೋಲ್ ಒದೆಯುತ್ತಾರೆ, ನಮ್ಮವರ ಕೈಗೆ ತಗುಲಿ ಚೆಂಡು ಪುಟಿಯುತ್ತದೆ, ಆಂತನಿ ಮಿಚೆಲ್ ಹಿಡಿದು 90 ಗಜ ಓಡುತ್ತಾನೆ. ಸ್ವಲ್ಪ ಹೊತ್ತಿಗೆ ಅವರ ಎಡ್ಡಿ ಜಾರ್ಜ್ ಕೈಗೆ ಬಂದ ಪಾಸು ಒಂದು ಕ್ಷಣ ತಡವರಿಸಿತು. ರೇ ಲೂಯಿಸ್ ಅದನ್ನು ಮಕ್ಕಳ ಕೈಯಿಂದ ಉಂಡೆ ಕಿತ್ತುಕೊಂಡಂತೆ ಕಿತ್ತುಕೊಂಡು 50 ಗಜ ಓಡಿದ. 24-10. ಹದಿನಾಲ್ಕು ಪಾಯಿಂಟ್ ಬಂತು, ಆಫೆನ್ಸ್ ಬೆಂಚಿನಿಂದ ಏಳಲೇ ಇಲ್ಲ.

ಇನ್ನು ನಿಮ್ಮ ಬೇರ್ಸ್. ಆ ಡಿಫೆನ್ಸಿಗೆ ನಮಸ್ಕಾರ. ಆದರೆ ಅದೇ ವರ್ಷ ಅವರ ಆಫೆನ್ಸ್ ಕಡೆ ವಾಲ್ಟರ್ ಪೇಟನ್ ಇದ್ದ, ತಂಡ ಗಳಿಸಿದ್ದು 456. ಎರಡೂ ಕೈಯಲ್ಲಿ ಉಂಡ ತಂಡ ಅದು. ನಮ್ಮದು 333, ಅದರಲ್ಲೂ ಒಂದು ತಿಂಗಳು ಉಪವಾಸ. ಲೀಗಿನಲ್ಲಿ ಬಿಟ್ಟುಕೊಟ್ಟದ್ದು ನೀವು 198, ನಾವು 165. ಯಾವುದು ದೊಡ್ಡ ಡಿಫೆನ್ಸ್ ಎಂಬ ಜಗಳ ಮುಗಿಯುವುದಲ್ಲ. ಯಾವುದರ ಹೆಗಲ ಮೇಲೆ ಭಾರ ಹೆಚ್ಚಿತ್ತು ಎಂದು ಕೇಳಿ, ನಾನು ಗೆದ್ದೆ.

---

ನೇರಳೆ ಹಣ್ಣು:

ಸಾಗರದ ಅಂಕಲ್, ನಾನು ಆಗ ಟೌಸನ್‌ನಲ್ಲಿ ಮೂರನೇ ಕ್ಲಾಸು. ಜನವರಿ ಪೂರ್ತಿ ಶುಕ್ರವಾರ ಬಂತೆಂದರೆ ಎಲ್ಲರೂ ರೇವನ್ಸ್‌ನ ನೇರಳೆ ಬಣ್ಣ. ನನ್ನ ಹತ್ತಿರ ಇದ್ದ ನೇರಳೆ ಬಟ್ಟೆ ಅಂದರೆ ಅತ್ತೆ ದಸರೆಗೆ ಕಳಿಸಿದ್ದ ಲಂಗ ಬ್ಲೌಸು ಮಾತ್ರ, ಜರಿ ಅಂಚಿಂದು. ಅದನ್ನೇ ಸ್ವೆಟರ್ ಕೆಳಗೆ ಹಾಕಿಕೊಂಡು ಹೋದೆ. ಟೀಚರ್ ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದರು :) ಸೂಪರ್ ಬೌಲ್ ದಿನ ನಮ್ಮನ್ನು ಬೇಗ ಮಲಗಿಸಿಬಿಟ್ಟರು, ಆ 36 ಸೆಕೆಂಡ್ ನಾನು ನೋಡಲೇ ಇಲ್ಲ. ನೀವು ನೋಡಿದ್ರಾ?

---

ಸಾಗರದವ:

ಇಲ್ಲ ತಂಗಿ! ಅದೇ ನನ್ನ ದೊಡ್ಡ ಸಂಕಟ.

2001ರ ಜನವರಿ 28, ಟ್ಯಾಂಪಾದಲ್ಲಿ ಪಂದ್ಯ. ಎರಡು ದಿನದ ಹಿಂದಷ್ಟೇ ಭುಜ್‌ನಲ್ಲಿ ಭೂಕಂಪ ಆಗಿತ್ತು. ಅವತ್ತು ಬೆಳಿಗ್ಗೆ ದೇವಸ್ಥಾನದಲ್ಲಿ ಎಲ್ಲರೂ ಸೇರಿ ದುಡ್ಡು, ಕಂಬಳಿ ಕೂಡಿಸಿ ಬಂದಿದ್ದೆವು. ಆಟದ ಮೇಲೆ ಅರ್ಧ ಮನಸ್ಸು. ಅರ್ಧ ಆಟಕ್ಕೆ ರೇವನ್ಸ್ 10, ನ್ಯೂಯಾರ್ಕ್ ಜಯಂಟ್ಸ್ 0. ಮೂರನೇ ಕ್ವಾರ್ಟರ್ ನಡೆಯುತ್ತಿರುವಾಗ ಊರಲ್ಲಿ ಬೆಳಗಾಗಿರುತ್ತೆ, ಅಮ್ಮ ಎದ್ದಿರುತ್ತಾಳೆ ಅಂತ ಮಹಡಿ ಹತ್ತಿ ಹೋದೆ. ಕಾಲಿಂಗ್ ಕಾರ್ಡ್ ಕೆರೆದು, ಆ ಮಾರುದ್ದದ ನಂಬರ್ ಎರಡು ಸಲ ತಪ್ಪಾಗಿ ಒತ್ತಿ, ಮೂರನೇದಕ್ಕೆ ಸಿಕ್ಕಿತು. ಗುಜರಾತಿಗೂ ಸಾಗರಕ್ಕೂ ಎಷ್ಟು ದೂರ ಮಗಾ, ನಮಗೇನೂ ಆಗಿಲ್ಲ, ನೀನು ಊಟ ಮಾಡಿದ್ಯಾ ಅಂದಳು.

ಕೆಳಗೆ ಬಂದು ನೋಡಿದರೆ 24-7. ಟಿವಿ ಕೆಟ್ಟಿದೆ ಅಂದುಕೊಂಡೆ. ನಮ್ಮ ಸ್ಟಾರ್ಕ್ಸ್ ಜಯಂಟ್ಸ್‌ನ ಪಾಸು ಕಿತ್ತು 49 ಗಜ ಓಡಿದ್ದ. ಬೆನ್ನಿಗೇ ಜಯಂಟ್ಸ್‌ನ ರಾನ್ ಡಿಕ್ಸನ್ ಕಿಕಾಫ್ (ಪಾಯಿಂಟ್ ಗಳಿಸಿದವರು ಎದುರಾಳಿಗೆ ಒದ್ದು ಕೊಡುವ ಚೆಂಡು) ಹಿಡಿದು 97 ಗಜ. ಅದರ ಬೆನ್ನಿಗೆ ನಮ್ಮ ಜರ್ಮೇನ್ ಲೂಯಿಸ್ 84. ಆಟದ ಗಡಿಯಾರದಲ್ಲಿ 36 ಸೆಕೆಂಡ್, ಮೂರು ಟಚ್‌ಡೌನ್. ಅಷ್ಟೂ ಆಗುವಾಗ ನಾನು ಮೇಲೆ "ಪ್ಲೀಸ್ ಎಂಟರ್ ಯುವರ್ ಪಿನ್" ಕೇಳುತ್ತಿದ್ದೆ. ಮುಗಿದದ್ದು 34-7. ಆ ಏಳು ಬಂದದ್ದೂ ಡಿಕ್ಸನ್ ಓಟದಿಂದ, ಡಿಫೆನ್ಸ್ ಮೈದಾನದಲ್ಲೇ ಇಲ್ಲದಾಗ. ಇಡೀ ಪ್ಲೇಆಫ್‌ನಲ್ಲಿ, ನಾಲ್ಕು ಪಂದ್ಯದಲ್ಲಿ, ನಮ್ಮ ಡಿಫೆನ್ಸ್ ದಾಟಿ ಬಂದ ಟಚ್‌ಡೌನ್ ಒಂದೇ, ಟೆನ್ನೆಸ್ಸಿಯದು.

ಅಜ್ಜ ಕುಣಿಯಲಿಲ್ಲ. 1984ರ ಮಾರ್ಚ್‌ನಲ್ಲಿ ಈ ಊರಿನ ಕೋಲ್ಟ್ಸ್ ತಂಡ ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೋಗಿಬಿಟ್ಟಿತ್ತು. ಆಮೇಲೆ ಹನ್ನೆರಡು ವರ್ಷ ಊರಿಗೆ ಈ ಲೀಗಿನ, ಅಂದರೆ ಎನ್‌ಎಫ್‌ಎಲ್‌ನ, ತಂಡವೇ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಅಜ್ಜ ಒಳಗೆ ಹೋಗಿ ಹಳೇ ಕೋಲ್ಟ್ಸ್ ಟೋಪಿ ತಂದು ಟಿವಿ ಮೇಲಿಟ್ಟು, ಲೈಟು ಆರಿಸಿದರು. ನಾನು ಮೇಲೆ ಬಂದೆ.

ಇನ್ನೊಂದು ಮರೆತಿದ್ದೆ. ಡಿಲ್ಫರ್‌ನನ್ನು ಅದೇ ವರ್ಷ ಕೈಬಿಟ್ಟರು. ಹನ್ನೊಂದು ಗೆದ್ದು ಕಪ್ ತಂದವನು! ಆ ತೀರ್ಮಾನ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

---

ಧಾರವಾಡ ಪೇಡೆ:

ಸಾಗರದ ಕಾಕಾ, ಭಾಳ ಉಪಕಾರಾತ್ರೀ. ನಿಮ್ಮ 42-43ರ ಲೆಕ್ಕ ಇವತ್ತು ನಮ್ಮ ಬಾಜೂಕಿನವಗ ಹೇಳಿದೆ. ಇಪ್ಪತ್ತೈದು ವರ್ಷದಿಂದ ಆ ಸೀಸನ್ ಹೇಳ್ಕೋತ ಬಂದವಾ ಅದನ್ನ ಕೂಡಿಸಿ ನೋಡೇ ಇರಲಿಲ್ಲಂತ. ಎದ್ದು ಹೋಗಿ ಮೀಟಿಂಗ್ ರೂಮಿನ ಬಿಳಿ ಬೋರ್ಡಿನ ಮ್ಯಾಲ ಐದೂ ಪಂದ್ಯ ಬರದು, ಕೆಳಗ ಗೀಟು ಎಳದು, ಕೂಡಿಸಿದ. ಮಧ್ಯಾಹ್ನ ಮ್ಯಾನೇಜರ್ ಮೀಟಿಂಗಿಗೆ ಬಂದ್ಲು, ಬೋರ್ಡ್ ಒರಸೂ ಮೊದಲ ಕೆಳಗ ಇನ್ನೊಂದು ಸಾಲು ಬರದ್ಲು: 98, 95. ಒರಸಲಿಲ್ಲರೀ. ನಮ್ಮ ಡೇಟಾಬೇಸ್ ಚಿತ್ರ ಮೂಲ್ಯಾಗ ಸಣ್ಣದಾಗಿ ಬರೀಬೇಕಾತು.