ಅಪ್‌ಡೇಟ್: ಕುರಿಗಳಿಗೆ ಯೀಸ್ಟ್ ಕೊಟ್ಟ ಮೇಲೆ

ಕಾಳು ಜಾಸ್ತಿ ತಿಂದು ಕುರಿಗಳ ಹೊಟ್ಟೆ ಕೆಡುತ್ತಿದೆ, ಮೆಲುಕು ಕಡಿಮೆಯಾಗಿದೆ, ಮೇವಿನ ಜೊತೆ ಸಹಜವಾದದ್ದು ಏನು ಕೊಡಬಹುದು ಅಂತ ಕೇಳಿದ್ದೆ. ಜೀವಂತ ಯೀಸ್ಟ್, ಬೆಳ್ಳುಳ್ಳಿ ಪುಡಿ, ಟ್ಯಾನಿನ್ (ಒಗರು ರುಚಿ ಕೊಡುವ ಅಂಶ) ಇರುವ ಸೊಪ್ಪು ಅಂದಿದ್ದಿರಿ. ಎಲ್ಲವನ್ನೂ ಒಟ್ಟಿಗೆ ಬೆರೆಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ ಅಲ್ವಾ? ಹಾಗಾಗಿ ಕಾಳಿನ ಅಳತೆ ಬದಲಿಸದೆ ಯೀಸ್ಟ್ ಮಾತ್ರ ಶುರು ಮಾಡಿದೆ.

ಬದಲಾವಣೆ ಮೊದಲು ಕಂಡಿದ್ದು ಹಿಕ್ಕೆಯಲ್ಲಿ. ಅಂಟಂಟಾಗಿ ಮುದ್ದೆಯಾಗಿ ಬೀಳುತ್ತಿದ್ದದ್ದು ಈಗ ಬಿಡಿಬಿಡಿಯಾಗಿ, ಗಟ್ಟಿಯಾಗಿ ಬೀಳುತ್ತಿದೆ. ಮಲಗಿದಾಗ ಹೆಚ್ಚಿನವು ಮೆಲುಕು ಹಾಕುತ್ತಿವೆ. ತುಂಬಾ ಖುಷಿಯಾಯಿತು! ಯೀಸ್ಟ್ ರೂಮೆನ್‌ಗೆ, ಅಂದರೆ ಮೇವು ಮೊದಲು ಹೋಗಿ ಹುದುಗುವ ಹೊಟ್ಟೆಯ ದೊಡ್ಡ ಚೀಲಕ್ಕೆ, ಸೇರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಾರು ಕರಗಿಸುವ, ಲ್ಯಾಕ್ಟಿಕ್ ಆಮ್ಲ ಬಳಸಿಕೊಳ್ಳುವ ಬ್ಯಾಕ್ಟೀರಿಯಾಗಳಿಗೆ ಅದರಿಂದ ಅನುಕೂಲ.

ಟ್ಯಾನಿನ್ ಸೊಪ್ಪು ಸದ್ಯಕ್ಕೆ ಬೇಡ, ಅತಿಯಾದರೆ ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ಬೆಳ್ಳುಳ್ಳಿ ಪುಡಿಯನ್ನು ಮುಂದೆ ನೋಡುತ್ತೇನೆ, ಹಾಲು ಕರೆಯುವ ಕುರಿಗಳನ್ನು ಬಿಟ್ಟು. ಹಾಲಿಗೆ ವಾಸನೆ ಹತ್ತುತ್ತದೆ.