ಸಂಜೆ 5ರ ಉಪನ್ಯಾಸಕ್ಕೆ ಹಳ್ಳಿ ಮಕ್ಕಳು ಹೇಗೆ ಬರಬೇಕು?

(ಕೋಲಾರದ ಹಳೆ ವಿದ್ಯಾರ್ಥಿಗಳ ಗುಂಪು)

ಮಂಜುನಾಥ: ನಮ್ಮ ಕಾಲೇಜಿನ ಮುಂದಿನ ತಿಂಗಳ ಕಾರ್ಯಕ್ರಮಗಳ ನೋಟಿಸ್ ಹಾಕಿದ್ದೇನೆ, ನೋಡಿ. ಒಂದು ಶನಿವಾರ ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಬರುವ ಕೆ.ಸಿ. ವ್ಯಾಲಿ ಯೋಜನೆಯ ನೀರು, ಇನ್ನೊಂದು ಶನಿವಾರ ಕೆಜಿಎಫ್ ಚಿನ್ನದ ಗಣಿಯ ವಿಜ್ಞಾನ, ಕೊನೆಗೆ ರಸಪ್ರಶ್ನೆ. ಎಲ್ಲವೂ ಸಂಜೆ 5ಕ್ಕೆ. ಖರ್ಚಿಗೆ ನಾವೂ ಕೈ ಜೋಡಿಸೋಣ.

ರಮೇಶ: ದುಡ್ಡು ಕೊಡುತ್ತೇನೆ ಮಂಜು. ಆದರೆ ಈ ಹುಡುಗರಿಗೆ ಬೇಕಿರುವುದು ಕೆಲಸ. ಮುಚ್ಚಿಹೋದ ಗಣಿ ಕಟ್ಟಿಕೊಂಡು ಏನು ಮಾಡುತ್ತಾರೆ? ಇಂಟರ್‌ವ್ಯೂ ಎದುರಿಸೋದು ಹೇಳಿಕೊಡುವವರನ್ನು ಕರೆಸಿ.

ಸುಜಾತ: ರಮೇಶ, ಅದನ್ನೂ ಇಡಲಿ, ಬೇಡ ಅನ್ನಲ್ಲ. ಆದರೆ ಇದನ್ನು ತೆಗೆಯಬೇಡಿ. ಗಣಿ ಮುಚ್ಚಿದ್ದು 2001ರಲ್ಲಿ. ಅದಕ್ಕೂ ಮೊದಲು, 1965ರಲ್ಲಿ, ಅದೇ ಗಣಿಯ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ಬಂಡೆಯನ್ನೂ ತೂರಿಕೊಂಡು ಹೋಗುವ ಅತಿ ಸಣ್ಣ ಕಣಗಳನ್ನು, ಪತ್ತೆ ಮಾಡಿದರು. ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆ ಮೇಲಿದ್ದರೆ ಬೇರೆ ಕಣಗಳೆಲ್ಲ ಹೆಚ್ಚುಕಡಿಮೆ ಅಲ್ಲೇ ನಿಂತುಹೋಗುತ್ತವೆ, ಅದಕ್ಕೇ ಅಷ್ಟು ಆಳ. ಬಂಗಾರಪೇಟೆಯಿಂದ ಬರುವ ಬಿ.ಎಸ್ಸಿ. ಹುಡುಗಿಗೆ ಇದು ಗೊತ್ತಾಗಬೇಡವಾ?

ಇನ್ನು ನೀರು. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಎರಡು ಹಂತ ಶುದ್ಧ ಮಾಡಿದರೆ ಸಾಕಾ, ಮೂರನೆಯದೂ ಬೇಕಾ ಅಂತ ಜಿಲ್ಲೆಯಲ್ಲಿ ಎಷ್ಟು ಜಗಳ ಆಗಿದೆ! ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಅಂತ ಖುಷಿಪಟ್ಟವರ ಮನೆ ಮಕ್ಕಳೇ ಆ ನೀರಿನಲ್ಲಿ ಏನಿದೆ ಅಂತ ಇಂಜಿನಿಯರನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು.

ನನ್ನ ತಕರಾರು ಸಮಯದ ಬಗ್ಗೆ. 5ಕ್ಕೆ ಶುರುವಾದರೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿ ಮಕ್ಕಳು ಬಸ್ ಬಿಟ್ಟು ಕೂರುತ್ತಾರಾ? ಹೆಣ್ಣುಮಕ್ಕಳನ್ನಂತೂ ಮನೆಯಲ್ಲಿ ಬಿಡಲ್ಲ.

ರಮೇಶ: ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ ಮೇಷ್ಟ್ರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ, ಬುಧವಾರ ಸಂಜೆಯೇ ಉಪನ್ಯಾಸ ಇಡಿಸುತ್ತಿದ್ದರಲ್ಲ? ಜನ ಬರುತ್ತಿರಲಿಲ್ವಾ?

ಸುಜಾತ: ಅದು ಬೆಂಗಳೂರಿನ ಬಸವನಗುಡಿ ರಮೇಶ. ಕೆಲಸ ಮುಗಿಸಿ ಬಂದವರು ರಾತ್ರಿ ಸಿಟಿ ಬಸ್ ಹತ್ತಿ ಮನೆ ಸೇರುತ್ತಿದ್ದರು. ಇಲ್ಲಿ ಸಂಜೆ ಇಟ್ಟರೆ ಊರಲ್ಲಿರುವ ನಾವೇ ಮುಂದಿನ ಸಾಲು ತುಂಬುತ್ತೇವೆ. ನರಸಿಂಹಯ್ಯ ಮೇಷ್ಟ್ರೇ ಗೌರಿಬಿದನೂರಿನ ಹೊಸೂರಿನಿಂದ ಬಂದವರು, ಹಳ್ಳಿ ಮಕ್ಕಳ ಕಷ್ಟ ಅವರಿಗೆ ಗೊತ್ತಿಲ್ಲದ್ದಾಗಿರಲಿಲ್ಲ.

ಮಂಜುನಾಥ: ಅತಿಥಿಗಳಿಗೆ ಸಂಜೆಯೇ ಅನುಕೂಲ ಅಂತ ಹೇಳಿದರು ಅಕ್ಕ.

ಸುಜಾತ: ಅತಿಥಿ ಒಬ್ಬರು, ಮಕ್ಕಳು ನೂರಾರು. ಬೆಳಿಗ್ಗೆ 11ಕ್ಕೆ ಮಾಡಿ. ಹಾರ, ಶಾಲು, ಸ್ವಾಗತ ಎಲ್ಲ ಹತ್ತು ನಿಮಿಷದಲ್ಲಿ ಮುಗಿಸಿ, ಪ್ರಶ್ನೆಗೆ ಅರ್ಧ ಗಂಟೆ ಬಿಡಿ. ಬಾಯಿ ಬಿಟ್ಟು ಕೇಳಲು ಹೆದರುವವರು ಚೀಟಿಯಲ್ಲಿ ಬರೆದು ಕೊಡಲಿ.

ರಮೇಶ: 11 ಗಂಟೆಗೆ ನಾನೂ ಒಪ್ಪುತ್ತೇನೆ. ಹಾರ ಶಾಲಿನ ದುಡ್ಡಲ್ಲಿ ಮಕ್ಕಳಿಗೆ ಊಟ ಹಾಕಿಸಿ. ಇಂಟರ್‌ವ್ಯೂ ಕ್ಲಾಸ್ ಮಾತ್ರ ಬಿಡಬೇಡ ಮಂಜು.

ಮಂಜುನಾಥ: ಆಯ್ತು. ಸೋಮವಾರ ಪ್ರಿನ್ಸಿಪಾಲರನ್ನು ನೋಡುತ್ತೇನೆ. ಅಕ್ಕ, ನೀವೂ ಬನ್ನಿ.