ಲಿನಕ್ಸ್, ಯುನಿಕ್ಸ್ ಏಜೆಂಟ್: ಹಾಕೋದು, ತೆಗೆಯೋದು – ಮೇಡಂ ಜೊತೆ ಪ್ರಶ್ನೋತ್ತರ

ಗುಂಪಿನ ಅಡ್ಮಿನ್: ಇವತ್ತಿನ ವಿಷಯ ಮ್ಯಾನೇಜ್‌ಮೆಂಟ್ ಏಜೆಂಟ್, ಅಂದ್ರೆ ಸರ್ವರ್ ಮೇಲೆ ಕೂತು ಅದರ ಸ್ಥಿತಿಯನ್ನ ಮ್ಯಾನೇಜ್‌ಮೆಂಟ್ ಸರ್ವರ್‌ಗೆ ತಿಳಿಸೋ ಸಣ್ಣ ಪ್ರೋಗ್ರಾಂ. ಮುಖ್ಯವಾಗಿ ಮೈಕ್ರೋಸಾಫ್ಟ್‌ನ ಸಿಸ್ಟಂ ಸೆಂಟರ್ ಆಪರೇಷನ್ಸ್ ಮ್ಯಾನೇಜರ್, ಅಂದ್ರೆ ನಾವೆಲ್ಲ ಸ್ಕಾಮ್ ಅನ್ನೋದು. ಅದರ ಲಿನಕ್ಸ್, ಯುನಿಕ್ಸ್ ಏಜೆಂಟ್ ಪ್ಯಾಕೇಜಿನ ಹೆಸರು ಎಸ್‌ಸಿಎಕ್ಸ್, ಅದು ಕೂತಿರೋದು ಒಎಂಐ ಮೇಲೆ, ಅಂದ್ರೆ ಹೊರಗಿನಿಂದ ಬರೋ ಮ್ಯಾನೇಜ್‌ಮೆಂಟ್ ರಿಕ್ವೆಸ್ಟ್‌ಗಳನ್ನ ತಗೊಳ್ಳೋ ಸೇವೆ. ಉತ್ತರಿಸೋರು ಡೇಟಾ ಸೆಂಟರ್‌ನಲ್ಲಿ ಯುನಿಕ್ಸ್ ನೋಡಿಕೊಳ್ಳೋ ನಮ್ಮ ಮೇಡಂ. ಸರ್ವರ್ ಹೆಸರು, ಐಪಿ, ಪಾಸ್‌ವರ್ಡ್ ದಯವಿಟ್ಟು ಇಲ್ಲಿ ಹಾಕಬೇಡಿ.

ನೈಟ್ ಶಿಫ್ಟ್: ಮೇಡಂ, ಹೊಸ ವಿಎಂಗಳನ್ನ (ವರ್ಚುವಲ್ ಮಷಿನ್) ಡಿಸ್ಕವರಿಗೆ, ಅಂದ್ರೆ ಹುಡುಕಿ ಸ್ಕಾಮ್‌ಗೆ ಸೇರಿಸೋಕೆ, ಹಾಕಿದ್ರೆ ಸರ್ಟಿಫಿಕೇಟ್‌ನಲ್ಲಿರೋ ಹೆಸರು ಹೊಂದ್ತಿಲ್ಲ ಅಂತ ಎಲ್ಲವೂ ಫೇಲ್. ಏಜೆಂಟ್ ಮೊದಲೇ ಇರೋ ಟೆಂಪ್ಲೇಟ್‌ನಿಂದ ಕ್ಲೋನ್ ಮಾಡಿದ್ದು.

ಮೇಡಂ: ಉತ್ತರ ನಿಮ್ಮ ಕೊನೇ ಸಾಲಲ್ಲೇ ಇದೆ. ಏಜೆಂಟ್ ಹಾಕಿದ ಹೊತ್ತಿಗೆ ಮಷಿನ್‌ಗೆ ಯಾವ ಹೆಸರಿತ್ತೋ ಅದೇ ಹೆಸರಲ್ಲಿ ಸರ್ಟಿಫಿಕೇಟ್ ಹುಟ್ಟುತ್ತೆ. ನಿಮ್ಮ ವಿಎಂಗಳೆಲ್ಲ ಟೆಂಪ್ಲೇಟ್ ಹೆಸರು ಹೊತ್ಕೊಂಡು ಓಡಾಡ್ತಿವೆ. ಮೊದಲು ಡಿಎನ್‌ಎಸ್ ನೋಡಿ, ಹೆಸರಿನಿಂದ ಐಪಿ, ಐಪಿಯಿಂದ ಹೆಸರು ಎರಡೂ ಸರಿಯಾಗಿ ಬರಬೇಕು. ಆಮೇಲೆ ಸರ್ಟಿಫಿಕೇಟ್ ಹೊಸದಾಗಿ ಮಾಡೋಕೆ ಪ್ರತಿ ಮಷಿನ್‌ನಲ್ಲೂ ಎಸ್‌ಸಿಎಕ್ಸ್‌ಎಸ್‌ಎಸ್‌ಎಲ್‌ಕಾನ್ಫಿಗ್ ಓಡಿಸಿ: -ಎಫ್, -ಎಚ್ ಹೋಸ್ಟ್‌ನೇಮ್, -ಡಿ ಡೊಮೇನ್. ಎಸ್‌ಸಿಎಕ್ಸ್‌ಅಡ್ಮಿನ್ -ರೀಸ್ಟಾರ್ಟ್ ಕೊಟ್ಟು ಮತ್ತೆ ಡಿಸ್ಕವರಿ ಮಾಡಿ, ಮ್ಯಾನೇಜ್‌ಮೆಂಟ್ ಸರ್ವರ್ ಹೊಸದಕ್ಕೆ ಸಹಿ ಹಾಕುತ್ತೆ. ಟೆಂಪ್ಲೇಟ್‌ನಿಂದ ಏಜೆಂಟ್ ತೆಗೆದುಬಿಡಿ.

ಹುಬ್ಬಳ್ಳಿ ಹುಡುಗ: ಮೇಡಂ, ಫೈರ್‌ವಾಲ್‌ದಾಗ ಯಾವ ಪೋರ್ಟ್ ಬಿಡಬೇಕ್ರಿ?

ಮೇಡಂ: ಮ್ಯಾನೇಜ್‌ಮೆಂಟ್ ಸರ್ವರ್‌ನಿಂದ ಏಜೆಂಟ್ ಕಡೆಗೆ ಟಿಸಿಪಿ 1270. ಕನ್ಸೋಲ್‌ನಿಂದ ಹಾಕೋಕೆ, ತೆಗೆಯೋಕೆ ಎಸ್‌ಎಸ್‌ಎಚ್, 22. ಎರಡನ್ನೂ ಮ್ಯಾನೇಜ್‌ಮೆಂಟ್ ಸರ್ವರ್ ಐಪಿಗಷ್ಟೇ ಬಿಡಿ.

ಟರ್ಮಿನಲ್ ತಿಮ್ಮ: ಆಫೀಸ್ ವಾಟ್ಸಾಪ್‌ನಲ್ಲಿ ಬಂದಿದ್ದು: "ಏಜೆಂಟ್ ಹೋಗ್ತಿಲ್ವಾ? ಆರ್‌ಎಂ -ಆರ್‌ಎಫ್ /ಆಪ್ಟ್/ಮೈಕ್ರೋಸಾಫ್ಟ್. ಇನ್‌ಸ್ಟಾಲ್ ಆಗ್ತಿಲ್ವಾ? ಎಸ್‌ಇಲಿನಕ್ಸ್ ಆಫ್, ಫೈರ್‌ವಾಲ್ ಆಫ್, ಎಸ್‌ಎಸ್‌ಎಲ್ ಫೋಲ್ಡರ್‌ಗೆ 777. ನೂರಕ್ಕೆ ನೂರು ಕೆಲಸ ಮಾಡುತ್ತೆ, ಎಲ್ಲ ಅಡ್ಮಿನ್‌ಗಳಿಗೂ ಕಳಿಸಿ." ಇದು ಸರಿನಾ ಮೇಡಂ?

ಮೇಡಂ: ಸರಿ ಅಲ್ಲ. ಯಾರಿಗೂ ಕಳಿಸಬೇಡಿ. ಫೋಲ್ಡರ್ ಅಳಿಸಿದ್ರೆ ಪ್ಯಾಕೇಜ್ ಹೋಗಲ್ಲ. ಹಾಕಿರೋ ಪ್ಯಾಕೇಜ್‌ಗಳ ಲೆಕ್ಕ ಇಡೋ ಆರ್‌ಪಿಎಂ ಡೇಟಾಬೇಸ್‌ನಲ್ಲಿ ಎಸ್‌ಸಿಎಕ್ಸ್ ಇನ್ನೂ ಬದುಕಿರುತ್ತೆ. ಓಡ್ತಿರೋ ಪ್ರೊಸೆಸ್ ಕೂಡ ಫೈಲ್ ಹೋಯ್ತು ಅಂತ ತಾನಾಗೇ ನಿಲ್ಲಲ್ಲ, ಪೋರ್ಟ್ ತೆರೆದೇ ಇರುತ್ತೆ. ಆ 777 ಕೊಡಿ ಅಂತಿರೋ ಫೋಲ್ಡರ್‌ನಲ್ಲಿರೋದು ಪ್ರೈವೇಟ್ ಕೀ. ಅದನ್ನ ಲಾಗಿನ್ ಇರೋ ಪ್ರತಿಯೊಬ್ಬರಿಗೂ ಕೊಟ್ಟಮೇಲೆ ಸರ್ಟಿಫಿಕೇಟ್ ಯಾಕ್ರೀ ಬೇಕು?
ತೆಗೆಯೋ ದಾರಿ: ರೆಡ್ ಹ್ಯಾಟ್, ಸೂಸೆಯಲ್ಲಿ ಆರ್‌ಪಿಎಂ -ಇ ಎಸ್‌ಸಿಎಕ್ಸ್. ಉಬುಂಟು, ಡೆಬಿಯನ್‌ನಲ್ಲಿ ಡಿಪಿಕೆಜಿ, ದೊಡ್ಡಕ್ಷರದ -ಪಿ.

ಟರ್ಮಿನಲ್ ತಿಮ್ಮ: ಆರ್‌ಎಂ ಆಗ್ಲೇ ಹೊಡೆದುಬಿಟ್ಟಿದ್ದೀನಿ 🙏

ಮೇಡಂ: ಆಮೇಲೆ ಬಂದು ಕೇಳ್ತಿದೀರಿ. ಇನ್‌ಸ್ಟಾಲರ್ ಬಂಡಲ್‌ಗೆ --ಎಕ್ಸ್‌ಟ್ರಾಕ್ಟ್ ಕೊಟ್ಟು ಒಳಗಿನ ಆರ್‌ಪಿಎಂ ಹೊರಗೆ ತೆಗೀರಿ. ಅದೇ ವರ್ಷನ್ ಇರಬೇಕು. --ರೀಪ್ಲೇಸ್‌ಪಿಕೆಜಿಎಸ್ ಕೊಟ್ಟು ಮತ್ತೆ ಹಾಕಿ, ಆಮೇಲೆ ಕ್ರಮವಾಗಿ ತೆಗೀರಿ.

ಕಾವೇರಿ ತೀರ: ಮೇಡಂ, ನಮ್ಮದು ಚಿಕ್ಕ ಕಂಪನಿ. ಅಜೂರ್‌ನಲ್ಲಿ ಒಂದು ಉಬುಂಟು ವಿಎಂ 2020ರಿಂದ ಓಡ್ತಿದೆ, ನೋಡಿಕೊಳ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ. ಇವತ್ತು ಎಸ್‌ಎಸ್ -ಟಿಎಲ್‌ಎನ್‌ಪಿ ಕೊಟ್ಟು ನೋಡಿದ್ರೆ 5986ರಲ್ಲಿ ಒಎಂಐ ಅಂತ ಏನೋ ಕೂತಿದೆ. ನಾವ್ಯಾರೂ ಹಾಕಿಲ್ಲ. ವರ್ಷನ್ 1.6.4. ಪಬ್ಲಿಕ್ ಐಪಿ ಇದೆ, ಆ ಪೋರ್ಟ್ ಹೊರಗಿನಿಂದಲೂ ತೆರೀತಿದೆ. ಆಪ್ಟ್ ರಿಮೂವ್ ಕೊಟ್ರೆ ಸಾಕಾ?

ಮೇಡಂ: ಸಾಕಾಗಲ್ಲ. ಮಿಕ್ಕವರು ಸ್ವಲ್ಪ ತಾಳಿ, ಇದನ್ನ ಬಿಡಿಸಿ ಹೇಳಬೇಕು.
ನೀವು ಹಾಕದೇ ಇರಬಹುದು. ಲಾಗ್ ಅನಾಲಿಟಿಕ್ಸ್‌ನಂಥ ಸೇವೆ ಆನ್ ಮಾಡಿದಾಗ ಅಜೂರ್ ತಾನೇ ಒಎಂಐ ತಂದು ಕೂರಿಸ್ತಿತ್ತು, ಎಷ್ಟೋ ಜನಕ್ಕೆ ಅದು ಇರೋದೇ ಗೊತ್ತಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಿಝ್ ಸಂಸ್ಥೆಯವರು ಅದರ ದೋಷಗಳನ್ನ ಬಯಲು ಮಾಡಿ 'ಒಎಂಐಗಾಡ್' ಅಂತ ಹೆಸರಿಟ್ರು. ಅದರಲ್ಲಿ ದೊಡ್ಡದು ಸಿವಿಇ-2021-38647, ತೀವ್ರತೆ ಹತ್ತಕ್ಕೆ 9.8. ತಪ್ಪು ಪಾಸ್‌ವರ್ಡ್ ಕಳಿಸಿದ್ರೆ ಬಾಗಿಲು ತೆರೆಯಲ್ಲ. ದೃಢೀಕರಣದ ಹೆಡರನ್ನೇ ಬಿಟ್ಟು ರಿಕ್ವೆಸ್ಟ್ ಕಳಿಸಿದ್ರೆ ಯುಐಡಿ (ಯೂಸರ್ ಸಂಖ್ಯೆ) ಸೊನ್ನೆ ಅಂತ ಹಿಡಿದು ರೂಟ್ ಆಗಿ, ಅಂದ್ರೆ ಮಷಿನ್ ಮೇಲೆ ಪೂರ್ತಿ ಅಧಿಕಾರ ಇರೋ ಯೂಸರ್ ಆಗಿ, ಕಮಾಂಡ್ ಓಡಿಸುತ್ತೆ. ಸರಿಪಡಿಸಿದ್ದು 1.6.8-1ರಲ್ಲಿ. ನಿಮ್ಮದು ಅದಕ್ಕಿಂತ ಹಳೇದು. ಸುದ್ದಿ ಹೊರಬಿದ್ದ ವಾರದೊಳಗೇ ಮಿರಾಯ್ ಬಾಟ್‌ನೆಟ್ (ಸೋಂಕು ತಗುಲಿದ ಮಷಿನ್‌ಗಳ ಜಾಲ) ಇದನ್ನ ಹುಡುಕ್ಕೊಂಡು ತಿರುಗ್ತಿತ್ತು. ನಿಮ್ಮ ಪೋರ್ಟ್ ಎಷ್ಟು ವರ್ಷದಿಂದ ತೆರೆದಿದೆಯೋ.
ಹಾಗಾಗಿ ಒಳಗೆ ಯಾರೋ ಬಂದಿದ್ದಾರೆ ಅಂತಲೇ ಇಟ್ಕೊಳ್ಳಿ. ಮೊದಲು ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್‌ನಲ್ಲಿ 5985, 5986, 1270 ಮೂರನ್ನೂ ಹೊರಗಿನವರಿಗೆ ಮುಚ್ಚಿ. ಏನನ್ನೂ ಅಳಿಸೋ ಮೊದಲು ಡಿಸ್ಕ್ ಸ್ನ್ಯಾಪ್‌ಶಾಟ್. ಆಮೇಲೆ ನೋಡಿ: ರೂಟ್‌ನ ಕ್ರಾನ್‌ಟ್ಯಾಬ್ (ಸಮಯಕ್ಕೆ ತಾನಾಗೇ ಓಡೋ ಕೆಲಸಗಳ ಪಟ್ಟಿ), ಆಥರೈಸ್ಡ್ ಕೀಸ್, ಪಾಸ್‌ವಡ್ ಫೈಲ್‌ನಲ್ಲಿ ಯುಐಡಿ ಸೊನ್ನೆ ಇರೋ ಬೇರೆ ಹೆಸರು, ಹೊಸ ಸಿಸ್ಟಂಡಿ ಯುನಿಟ್, /ಡೆವ್/ಎಸ್‌ಎಚ್‌ಎಂ ಮತ್ತು /ವಾರ್/ಟಿಎಂಪಿ. ಏನೂ ಸಿಗದಿದ್ರೂ ನಿರಾಳ ಆಗಬೇಡಿ. ರೂಟ್ ಸಿಕ್ಕವನು ನೀವು ನೋಡೋ ಪಿಎಸ್ ಕಮಾಂಡನ್ನೇ ಬದಲಾಯಿಸಿರಬಹುದು.
ಏಜೆಂಟ್ ತೆಗೆಯೋದು ಪೋರ್ಟಲ್ ಕಡೆಯಿಂದ, ಎಕ್ಸ್‌ಟೆನ್ಷನ್ ಮೊದಲು. ಅದನ್ನ ಹಾಕೋ ಪಾಲಿಸಿ ಇದ್ರೆ ಅದನ್ನೂ ತೆಗೀರಿ, ಇಲ್ಲಾಂದ್ರೆ ಮತ್ತೆ ತಂದು ಹಾಕುತ್ತೆ. ಆ ಹಳೇ ಲಾಗ್ ಅನಾಲಿಟಿಕ್ಸ್ ಏಜೆಂಟ್ 2024ರ ಆಗಸ್ಟ್ 31ಕ್ಕೇ ನಿವೃತ್ತಿ ಆಗಿದೆ, ಉಳಿಸಿಕೊಳ್ಳೋಕೆ ಕಾರಣವೇ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಹೊಸ ವಿಎಂ ಎಬ್ಬಿಸಿ ಡೇಟಾ ಮಾತ್ರ ಸಾಗಿಸ್ತಿದ್ದೆ. ಈ ಮಷಿನ್ ಮುಟ್ಟಿದ ಎಲ್ಲ ಪಾಸ್‌ವರ್ಡ್, ಕೀ ಬದಲಾಯಿಸ್ತಿದ್ದೆ. ಏನು ಸಿಕ್ತು ಅಂತ ಬಂದು ಹೇಳಿ.

ಓಪನ್‌ಸೋರ್ಸ್ ಓಬಳೇಶ: ಇದಕ್ಕೇ ಏಜೆಂಟೇ ಬೇಡ ಅನ್ನೋದು. ಆನ್ಸಿಬಲ್ ಹಾಕ್ಕೊಳ್ಳಿ. ಎಸ್‌ಎಸ್‌ಎಚ್ ಒಂದಿದ್ರೆ ಸಾಕು.

ಎಐಎಕ್ಸ್ ಅಜ್ಜ: ಆ ಕಡೆ ಪೈಥಾನೂ ಬೇಕಪ್ಪ. ಇರ್ಲಿ, ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬಿದ್ರೆ ನಿನ್ನ ಆನ್ಸಿಬಲ್ ಬಂದು ಎಬ್ಬಿಸುತ್ತಾ? ಅದು ಕಾನ್ಫಿಗರೇಷನ್, ಇದು ಮಾನಿಟರಿಂಗ್.

ಓಪನ್‌ಸೋರ್ಸ್ ಓಬಳೇಶ: ಮಾನಿಟರಿಂಗ್‌ಗೂ ಝಾಬಿಕ್ಸ್ ಇದೆ, ಅದರಲ್ಲಿ ಏಜೆಂಟ್ ಇಲ್ಲದೆ ಎಸ್‌ಎನ್‌ಎಂಪಿಯಿಂದಲೂ ನೋಡಬಹುದು ಸರ್. ಮೊದಲು ಐಬಿಎಂನ ಆ ಎಐಎಕ್ಸ್ ಯುನಿಕ್ಸ್ ಪೆಟ್ಟಿಗೆನ ಮ್ಯೂಸಿಯಂಗೆ ಕಳಿಸಿ.

ಎಐಎಕ್ಸ್ ಅಜ್ಜ: ನಾನು ಕೆಲಸ ಮಾಡೋ ಬ್ಯಾಂಕಿನ ಕೋರ್ ಆ ಪೆಟ್ಟಿಗೆ ಮೇಲೇ ಓಡ್ತಿರೋದು ಮರಿ. ಒಂದೇ ಎಸ್‌ಎಸ್‌ಎಚ್ ಕೀಗೆ ಎಲ್ಲ ಸರ್ವರ್‌ನ ರೂಟ್ ಕೊಟ್ಟು ಸೆಕ್ಯುರಿಟಿ ಪಾಠ ಬೇರೆ ಮಾಡ್ತೀಯ.

ಓಪನ್‌ಸೋರ್ಸ್ ಓಬಳೇಶ: ಯಾರು ರೂಟ್ ಕೊಟ್ಟಿದ್ದು? ಓದದೇ ಮಾತಾಡ್ತೀರಿ.

ಫ್ರಾಂಕ್‌ಫರ್ಟ್ ಕನ್ನಡಿಗ: ಮೇಡಂ, ಫ್ರೀಬಿಎಸ್‌ಡಿಗೆ ಏನು ಮಾಡಬಹುದು?

ಹೊಸಬ: ಮೇಡಂ ಪೋರ್ಟ್ ಯಾವುದು?

ಮೇಡಂ: ಮೇಲೆ ಇದೆ.

ಸುಡೋ ಸುಬ್ಬು: ಇನ್‌ಸ್ಟಾಲ್ ಮಾಡುವಾಗ ಸುಡೋಗೆ ಟಿಟಿವೈ (ಟರ್ಮಿನಲ್) ಬೇಕು ಅಂತಿದೆ. ಸುಡೋಯರ್ಸ್‌ನಲ್ಲಿ ಎನ್‌ಒಪಾಸ್‌ವಡ್ ಆಲ್ (ಪಾಸ್‌ವರ್ಡ್ ಇಲ್ಲದೆ ಎಲ್ಲ ಕಮಾಂಡ್) ಕೊಟ್ಟೆ, ಆದ್ರೂ ಇಲ್ಲ.

ಮೇಡಂ: ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೇ ರೆಡ್ ಹ್ಯಾಟ್‌ನಲ್ಲಿ ರಿಕ್ವೈರ್‌ಟಿಟಿವೈ ಮೊದಲಿಂದಲೇ ಆನ್ ಇರುತ್ತೆ. ಆ ಒಂದು ಯೂಸರ್‌ಗೆ ಮಾತ್ರ ಡಿಫಾಲ್ಟ್ಸ್ ಸಾಲಿನಲ್ಲಿ ಆಶ್ಚರ್ಯಚಿಹ್ನೆ ಹಾಕಿ ಆಫ್ ಮಾಡಿ. ಆ 'ಆಲ್' ಇವತ್ತೇ ತೆಗೀರಿ. ಯಾವ ಕಮಾಂಡ್ ಬೇಕು ಅಂತ ಮೈಕ್ರೋಸಾಫ್ಟ್ ಮಾದರಿ ಪಟ್ಟಿ ಕೊಟ್ಟಿದೆ. ತಿದ್ದೋದು ವಿಸುಡೋನಲ್ಲೇ.

ಪಪೆಟ್ ಪುಟ್ಟಿ: ಮೇಡಂ, ಝಾಬಿಕ್ಸ್ ಏಜೆಂಟ್ ತೆಗೆದ್ರೆ ಅರ್ಧ ಗಂಟೆಗೆಲ್ಲ ವಾಪಸ್ ಬರ್ತಿದೆ! ದೆವ್ವನಾ?

ಮೇಡಂ: ನಿಮ್ಮ ಹೆಸರಲ್ಲೇ ಇದೆಯಲ್ಲಮ್ಮ. ಪಪೆಟ್ ಮೂವತ್ತು ನಿಮಿಷಕ್ಕೊಮ್ಮೆ ಓಡುತ್ತೆ, ಮ್ಯಾನಿಫೆಸ್ಟ್‌ನಲ್ಲಿ ಪ್ಯಾಕೇಜ್ ಇರಬೇಕು ಅಂತ ಬರೆದಿದ್ರೆ ತಂದು ಹಾಕುತ್ತೆ. ಅಲ್ಲಿ ಆಬ್ಸೆಂಟ್ ಅಂತ ಮಾಡಿ.

ಎಐಎಕ್ಸ್ ಅಜ್ಜ: ಗೊತ್ತಿಲ್ಲದವರಿಗೆ: ಎಐಎಕ್ಸ್‌ನಲ್ಲಿ ಎಸ್‌ಸಿಎಕ್ಸ್ ತೆಗೆಯೋದು ಇನ್‌ಸ್ಟಾಲ್‌ಪಿ -ಯು. ಸೋಲಾರಿಸ್‌ನಲ್ಲಿ ಪಿಕೆಜಿಆರ್‌ಎಂ, ಅಲ್ಲಿ ಪ್ಯಾಕೇಜ್ ಹೆಸರು ಎಂಎಸ್‌ಎಫ್‌ಟಿಎಸ್‌ಸಿಎಕ್ಸ್.

ಓಪನ್‌ಸೋರ್ಸ್ ಓಬಳೇಶ: ಸೋಲಾರಿಸ್ ಅಂತೆ 😂

ಗುಂಪಿನ ಅಡ್ಮಿನ್: ಓಬಳೇಶ್, ಇದು ಕೊನೇ ಸಲ. ಅಜ್ಜ, ನೀವೂ ಅಷ್ಟೇ.

ಟರ್ಮಿನಲ್ ತಿಮ್ಮ: ಮೇಡಂ ಇನ್ನೊಂದು ಫಾರ್ವರ್ಡ್ ಬಂದಿದೆ, ಕಿಲ್ -9 ಕೊಟ್ರೆ...

ಮೇಡಂ: ಬೇಡ.

ಕಾವೇರಿ ತೀರ: ಮೇಡಂ, ಪೋರ್ಟ್ ಮುಚ್ಚಿದೆ, ಸ್ನ್ಯಾಪ್‌ಶಾಟ್ ಆಯ್ತು. ರೂಟ್ ಕ್ರಾನ್‌ಟ್ಯಾಬ್‌ನಲ್ಲಿ ಒಂದು ಸಾಲು ಇದೆ, ಐದು ನಿಮಿಷಕ್ಕೊಮ್ಮೆ /ಡೆವ್/ಎಸ್‌ಎಚ್‌ಎಂನಿಂದ ಚುಕ್ಕಿಯಿಂದ ಶುರುವಾಗೋ ಫೈಲ್ ಓಡಿಸ್ತಿದೆ. ಅಳಿಸಲಾ?

ಮೇಡಂ: ಮುಟ್ಟಬೇಡಿ. ರೀಬೂಟೂ ಬೇಡ, /ಡೆವ್/ಎಸ್‌ಎಚ್‌ಎಂ ಇರೋದು ಮೆಮರಿಯಲ್ಲಿ, ಸಾಕ್ಷಿ ಹೋಗುತ್ತೆ. ಆ ಫೈಲ್ ಒಂದು ಪ್ರತಿ ತೆಗೆದಿಟ್ಟು, ಹೊರಗೆ ಹೋಗೋ ಟ್ರಾಫಿಕ್ಕೂ ಕತ್ತರಿಸಿ. ಸರ್ಟ್-ಇನ್ ಅಂದ್ರೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ, ಅದರ 2022ರ ನಿರ್ದೇಶನದ ಪ್ರಕಾರ ಇಂಥದ್ದು ಕಣ್ಣಿಗೆ ಬಿದ್ದ 6 ಗಂಟೆಯೊಳಗೆ ವರದಿ ಮಾಡಬೇಕು. ನಿಮ್ಮ ಗಂಟೆ ಶುರುವಾಗಿದೆ.

ಕಾವೇರಿ ತೀರ: ಬಾಸ್‌ಗೆ ಹೇಳಿದೆ. ಸೋಮವಾರದವರೆಗೆ ಓಡ್ಲಿ, ಬಿಲ್ಲಿಂಗ್ ಅದರ ಮೇಲಿದೆ ಅಂತಿದ್ದಾರೆ.

ಮೇಡಂ: ಆ ಮಾತನ್ನ ಇಮೇಲ್‌ನಲ್ಲಿ ಬರೆದು ಕೊಡೋಕೆ ಹೇಳಿ.